ತಟ್ಟೆ, ದುಡಿಮೆ, ತೂಕ: ವಯಸ್ಕರ ಊಟದ ಲೆಕ್ಕ ಹಿಡಿಯುವ ಬಗೆ

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 30 ಮಂದಿಯ ತೂಕ ಎತ್ತರಕ್ಕೆ ಮೀರಿತ್ತು, ನೂರಕ್ಕೆ 17 ಮಂದಿ ಇರಬೇಕಾದ ತೂಕವಿಲ್ಲದೆ ಸೊರಗಿದ್ದರು. ಗಂಡಸರಲ್ಲಿ ಈ ಸಂಖ್ಯೆಗಳು 31 ಮತ್ತು 14. ಎರಡೂ ಬಗೆಯವರು ಒಂದೇ ಊರಲ್ಲಿದ್ದಾರೆ, ಎಷ್ಟೋ ಸಲ ಒಂದೇ ಮನೆಯಲ್ಲೂ ಇರುತ್ತಾರೆ. ಹಾಗಿರುವಾಗ "ಅನ್ನ ಕಡಿಮೆ ಮಾಡಿ, ಹಣ್ಣು ತರಕಾರಿ ಹೆಚ್ಚು ತಿನ್ನಿ, ದಿನಾ ವಾಕಿಂಗ್ ಹೋಗಿ" ಎಂಬ ಒಂದೇ ಚೀಟಿಯನ್ನು ಎಲ್ಲರ ಕೈಗೂ ಕೊಟ್ಟರೆ ಅದು ಯಾರಿಗೂ ಹೊಂದುವುದಿಲ್ಲ. ಒಬ್ಬರ ತೂಕ ಯಾಕೆ ಹೀಗಿದೆ ಎಂದು ತಿಳಿಯಬೇಕಾದರೆ ಅವರು ಏನು ತಿನ್ನುತ್ತಾರೆ ಎನ್ನುವುದರ ಜೊತೆಗೆ ಎಂಥ ಕೆಲಸ ಮಾಡುತ್ತಾರೆ, ದುಡ್ಡು ಯಾವಾಗ ಕೈಗೆ ಬರುತ್ತದೆ, ಅಡುಗೆಗೆ ಎಷ್ಟು ಹೊತ್ತು ಸಿಗುತ್ತದೆ, ಮನೆಯಲ್ಲಿ ಯಾರು ಮೊದಲು ಉಣ್ಣುತ್ತಾರೆ ಎನ್ನುವುದನ್ನೂ ಬರೆದುಕೊಳ್ಳಬೇಕು.

ಆಶಾ ಕಾರ್ಯಕರ್ತೆಯರು, ಪೌಷ್ಟಿಕತೆ ಓದುತ್ತಿರುವ ವಿದ್ಯಾರ್ಥಿಗಳು, ಸ್ವಸಹಾಯ ಸಂಘದವರು, ತಮ್ಮ ಮನೆಯದೇ ಲೆಕ್ಕ ನೋಡಬೇಕೆನ್ನುವವರು, ಎಲ್ಲರಿಗೂ ಈ ಕ್ರಮ ನಡೆಯುತ್ತದೆ. ಒಬ್ಬ ವ್ಯಕ್ತಿಗೆ ಮೂರು ಭೇಟಿ ಬೇಕು, ಒಂದೊಂದಕ್ಕೆ ಮುಕ್ಕಾಲು ಗಂಟೆ ಹಿಡಿಯುತ್ತದೆ. ಜೊತೆಗೆ ಒಯ್ಯಬೇಕಾದದ್ದು ಇಷ್ಟು: 100 ಗ್ರಾಂ ವ್ಯತ್ಯಾಸ ತೋರಿಸುವ ಡಿಜಿಟಲ್ ತೂಕದ ಯಂತ್ರ, ಎಳೆದರೆ ಹಿಗ್ಗದ ಟೇಪು, ಅಡುಗೆಮನೆಯ ಸಣ್ಣ ತಕ್ಕಡಿ, 5 ಮಿಲಿಯ ಟೀ ಚಮಚ, ಒಂದು ನೋಟ್‌ಬುಕ್.

ಮೊದಲು ಮೈಯ ಅಳತೆ

ತೂಕದ ಯಂತ್ರವನ್ನು ಗಟ್ಟಿ ನೆಲದ ಮೇಲೆ ಇಡಿ. ಸಗಣಿ ಸಾರಿಸಿದ ನೆಲ, ಚಾಪೆ, ಕಾರ್ಪೆಟ್ ಇವುಗಳ ಮೇಲೆ ಅದು ತಪ್ಪು ತೋರಿಸುತ್ತದೆ. ಮನೆಯಲ್ಲಿ ಗಟ್ಟಿ ನೆಲವೇ ಇಲ್ಲದಿದ್ದರೆ ಚಪ್ಪಡಿ ಕಲ್ಲು ಹುಡುಕಿ. ಚಪ್ಪಲಿ, ಶಾಲು, ಮೊಬೈಲು, ಸೊಂಟದ ಕೀಲಿಗೊಂಚಲು ತೆಗೆಸಿ. ಎತ್ತರ ಅಳೆಯುವಾಗ ಹಿಮ್ಮಡಿ, ಪೃಷ್ಠ, ಹೆಗಲು ಗೋಡೆಗೆ ತಾಗಿರಲಿ, ನೋಟ ನೇರವಾಗಿರಲಿ, ತುರುಬು ಬಿಚ್ಚಿಸಿ. ಎತ್ತರದಲ್ಲಿ ಆಗುವ ತಪ್ಪು ಇಮ್ಮಡಿಯಾಗಿ ಕಾಡುತ್ತದೆ, ಯಾಕೆಂದರೆ ಎತ್ತರಕ್ಕೆ ತೂಕ ಹೊಂದುತ್ತದೆಯೇ ಎಂದು ತೋರಿಸುವ ಬಿಎಂಐ ಲೆಕ್ಕದಲ್ಲಿ ಕಿಲೋ ತೂಕವನ್ನು ಮೀಟರ್ ಎತ್ತರದ ವರ್ಗದಿಂದ ಭಾಗಿಸುತ್ತೇವೆ. 62 ಕಿಲೋ ತೂಕ, 1.52 ಮೀಟರ್ ಎತ್ತರ ಇದ್ದರೆ ಬಿಎಂಐ 26.8. ತುರುಬಿನ ಮೇಲೆ ಪಟ್ಟಿ ಇಟ್ಟು 1.54 ಎಂದು ಬರೆದರೆ ಅದೇ ಹೆಂಗಸಿನ ಬಿಎಂಐ 26.1ಕ್ಕೆ ಇಳಿಯುತ್ತದೆ. ಬೆನ್ನು ಬಾಗಿದ ಹಿರಿಯರಲ್ಲಿ ಎತ್ತರವನ್ನೇ ನಂಬಬೇಡಿ, ಎರಡೂ ತೋಳು ಚಾಚಿಸಿ ಬೆರಳ ತುದಿಯಿಂದ ತುದಿಗೆ ಅಳೆದರೆ ವಯಸ್ಸಿನಲ್ಲಿದ್ದಾಗಿನ ಎತ್ತರಕ್ಕೆ ಹತ್ತಿರದ ಅಂದಾಜು ಸಿಗುತ್ತದೆ. ಗರ್ಭಿಣಿಯರಿಗೆ, ಹೆರಿಗೆಯಾಗಿ ಎರಡು ತಿಂಗಳು ಆಗದವರಿಗೆ ಈ ಲೆಕ್ಕ ಹಾಕಬೇಡಿ.

ಹೊಟ್ಟೆಯ ಸುತ್ತಳತೆಗೆ ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ಮೇಲಂಚು, ಇವೆರಡರ ನಡುಮಧ್ಯವೇ ಜಾಗ. ಹೊಕ್ಕುಳನ್ನೇ ಗುರುತಾಗಿ ಹಿಡಿದರೆ ಜೋತುಬಿದ್ದ ಹೊಟ್ಟೆಯವರಲ್ಲಿ ತಪ್ಪಾಗುತ್ತದೆ. ಸಹಜವಾಗಿ ಉಸಿರು ಬಿಟ್ಟ ಕ್ಷಣದಲ್ಲಿ ಓದಿ. ಸೀರೆಯ ನೆರಿಗೆ, ಲಂಗದ ಲಾಡಿ ಮೇಲೆಯೇ ಟೇಪು ಸುತ್ತಿದರೆ ನಾಲ್ಕೈದು ಸೆಂಟಿಮೀಟರ್ ಸುಲಭವಾಗಿ ಸೇರಿಕೊಳ್ಳುತ್ತದೆ. ಹೆಂಗಸರ ಅಳತೆಯನ್ನು ಹೆಂಗಸರೇ ಒಳಕೋಣೆಯಲ್ಲಿ ತೆಗೆದುಕೊಳ್ಳಲಿ.

ಬಿಎಂಐ 18.5ಕ್ಕಿಂತ ಕಡಿಮೆಯಾದರೆ ತೂಕ ಸಾಲದು. ಜಗತ್ತಿಗೆಲ್ಲ ಬಳಸುವ ಪಟ್ಟಿಯಲ್ಲಿ 25 ದಾಟಿದರೆ ಅತಿತೂಕ, 30 ದಾಟಿದರೆ ಬೊಜ್ಜು. ಮೇಲೆ ಹೇಳಿದ ಸಮೀಕ್ಷೆಯೂ ಈ 25ರ ಗೆರೆಯನ್ನೇ ಬಳಸಿದೆ. ಆದರೆ ಭಾರತೀಯರಲ್ಲಿ ಕಡಿಮೆ ತೂಕದಲ್ಲೇ ಸಕ್ಕರೆ ಕಾಯಿಲೆ, ರಕ್ತದೊತ್ತಡ ಶುರುವಾಗುವುದರಿಂದ ಇಲ್ಲಿನ ವೈದ್ಯರು 23ಕ್ಕೆ ಅತಿತೂಕ, 25ಕ್ಕೆ ಬೊಜ್ಜು ಎಂದು ಎಣಿಸುತ್ತಾರೆ. ಸೊಂಟಕ್ಕೆ ಗಂಡಸರಲ್ಲಿ 90, ಹೆಂಗಸರಲ್ಲಿ 80 ಸೆಂಟಿಮೀಟರ್ ಗಡಿ. ಆಶಾ ಕಾರ್ಯಕರ್ತೆಯರು 30 ವರ್ಷ ದಾಟಿದವರಿಗೆ ತುಂಬುವ ಸಿಬ್ಯಾಕ್ ನಮೂನೆಯಲ್ಲಿ (ಸಕ್ಕರೆ, ಬಿಪಿಯಂಥ ಕಾಯಿಲೆಗಳ ಅಪಾಯ ಅಳೆಯುವ ಪ್ರಶ್ನಾವಳಿ) ಇದೇ ಅಳತೆಗೆ ಅಂಕವಿದೆ, ಒಟ್ಟು ಅಂಕ 4 ಮೀರಿದವರನ್ನು ತಪಾಸಣೆಗೆ ಮೊದಲು ಕಳಿಸಬೇಕು. ಬಿಎಂಐ 22 ಇದ್ದೂ ಸೊಂಟ 86 ಇರುವ ಹೆಂಗಸನ್ನು "ಸರಿಯಾಗಿದ್ದೀರಿ" ಎಂದು ವಾಪಸು ಕಳಿಸುವುದು ಸಾಮಾನ್ಯವಾಗಿ ಆಗುವ ತಪ್ಪು. ಕೈಕಾಲು ಸಣ್ಣ, ಹೊಟ್ಟೆ ಮಾತ್ರ ಮುಂದೆ ಎಂಬ ಮೈಕಟ್ಟು ನಮ್ಮಲ್ಲಿ ಬಹಳ, ಬಿಎಂಐ ಅದನ್ನು ಹಿಡಿಯುವುದಿಲ್ಲ.

ಬದುಕಿನ ಹಿನ್ನೆಲೆ: ಏನು ಕೇಳಬೇಕು

ವರದಿ ಬರೆಯುವವರಿಗೆ ಕುಟುಂಬದ ಸಾಮಾಜಿಕ, ಆರ್ಥಿಕ ಮಟ್ಟ ಅಳೆಯುವ ಸಿದ್ಧ ಮಾಪನಗಳಿವೆ. 1976ರ ಕುಪ್ಪುಸ್ವಾಮಿ ಮಾಪನ ಪಟ್ಟಣದವರಿಗೆ. ಮನೆಯ ಯಜಮಾನರ ಓದು, ಉದ್ಯೋಗ, ಕುಟುಂಬದ ಆದಾಯ ಮೂರಕ್ಕೂ ಅಂಕ ಹಾಕುತ್ತದೆ. 1961ರ ಪ್ರಸಾದ್ ಮಾಪನ ತಲಾ ಆದಾಯವೊಂದನ್ನೇ ನೋಡುವುದರಿಂದ ಹಳ್ಳಿಗೂ ನಡೆಯುತ್ತದೆ. ಎರಡರಲ್ಲೂ ಆದಾಯದ ಮಿತಿಗಳನ್ನು ಗ್ರಾಹಕ ಬೆಲೆ ಸೂಚ್ಯಂಕಕ್ಕೆ ಹೊಂದಿಸಿ ಆಯಾ ವರ್ಷಕ್ಕೆ ತಿದ್ದಿಕೊಳ್ಳಬೇಕು. ಹಳೆಯ ಮಿತಿಗಳನ್ನೇ ಬಳಸಿದರೆ ಬಡವರೆಲ್ಲ ಮಧ್ಯಮ ವರ್ಗಕ್ಕೆ ಏರಿಬಿಡುತ್ತಾರೆ. ಗುಂಪುಗಳನ್ನು ಹೋಲಿಸಲು ಈ ಅಂಕ ಸಾಕು. ಎದುರಿಗೆ ಕೂತವರಿಗೆ ಸಲಹೆ ಕೊಡಲು ಸಾಲದು, ಏಕೆಂದರೆ ಒಂದೇ ಅಂಕದ ಎರಡು ಮನೆಗಳ ಅಡುಗೆ ಪೂರ್ತಿ ಬೇರೆ ಇರಬಹುದು.

ಆದಾಯದ ಪ್ರಶ್ನೆಯಿಂದ ಮಾತು ಆರಂಭಿಸಬೇಡಿ. ಕಾರ್ಡು ರದ್ದು ಮಾಡಲು ಬಂದಿದ್ದಾರೆ ಎಂಬ ಅಂಜಿಕೆ ಹುಟ್ಟಿದರೆ ಮುಂದಿನ ಉತ್ತರಗಳೆಲ್ಲ ಅಳತೆ ಮಾಡಿ ಬರುತ್ತವೆ. ಕೆಲಸದಿಂದ ತೊಡಗಿ: "ಬೆಳಿಗ್ಗೆ ಎಷ್ಟೊತ್ತಿಗೆ ಏಳ್ತೀರಕ್ಕಾ? ಕೆಲಸಕ್ಕೆ ಹೋಗೋದು ಹೇಗೆ? ಅಲ್ಲಿ ಕೂತು ಮಾಡೋದಾ, ನಿಂತು ಮಾಡೋದಾ?" ಸಂಬಳ ಎಷ್ಟು ಎನ್ನುವುದಕ್ಕಿಂತ ಹೇಗೆ ಬರುತ್ತದೆ ಎನ್ನುವುದು ಊಟದ ಬಗ್ಗೆ ಹೆಚ್ಚು ಹೇಳುತ್ತದೆ. ದಿನಗೂಲಿಯವರು ಎಣ್ಣೆಯನ್ನು ಸಣ್ಣ ಪ್ಯಾಕೆಟ್‌ನಲ್ಲಿ, ಬೇಳೆಯನ್ನು ಕಾಲು ಕಿಲೋ ಲೆಕ್ಕದಲ್ಲಿ ತರುತ್ತಾರೆ, ಅದಕ್ಕೆ ಬೆಲೆಯೂ ಹೆಚ್ಚು ತೆರುತ್ತಾರೆ. ಶನಿವಾರ ಬಟವಾಡೆ ಆಗುವವರ ಮನೆಯಲ್ಲಿ ಭಾನುವಾರ ಕೋಳಿ, ಗುರುವಾರ ಬರೀ ಸಾರು. ತಿಂಗಳ ಸಂಬಳದವರಲ್ಲಿ 20ನೇ ತಾರೀಖಿನ ನಂತರ ತರಕಾರಿ ಇಳಿಯುತ್ತದೆ. ನೀವು ಯಾವ ದಿನ ಹೋಗಿ ಕೇಳಿದಿರಿ ಎನ್ನುವುದೇ ಉತ್ತರವನ್ನು ಬದಲಿಸುತ್ತದೆ, ಆದ್ದರಿಂದ ಭೇಟಿಯ ವಾರ, ತಾರೀಖು ತಪ್ಪದೆ ಬರೆಯಿರಿ.

ಮುಂದೆ ಇವನ್ನು ಕೇಳಿಕೊಳ್ಳಿ. ಅಡುಗೆ ಮಾಡುವವರು ಯಾರು, ದಿನಕ್ಕೆ ಎಷ್ಟು ಸಲ ಒಲೆ ಹಚ್ಚುತ್ತಾರೆ, ಫ್ರಿಜ್ ಇದೆಯೇ, ನೀರು ಯಾವ ಹೊತ್ತಿಗೆ ಬರುತ್ತದೆ. ಯಾವ ಪಡಿತರ ಚೀಟಿ, ಅದರಲ್ಲಿ ಏನು ಬರುತ್ತದೆ, ಬಂದದ್ದನ್ನು ಉಣ್ಣುತ್ತಾರೋ ಮಾರುತ್ತಾರೋ. ದುಡ್ಡು ಯಾರ ಕೈಯಲ್ಲಿ, ಸಂತೆಗೆ ಹೋಗುವವರು ಯಾರು. ಕುಡಿತ ಇದೆಯೇ, ಇದನ್ನು ಎಲ್ಲರೆದುರು ಕೇಳಬಾರದು.

ಒಂದು ಪ್ರಶ್ನೆಯನ್ನು ಬಹಳ ಜನ ಬಿಟ್ಟುಬಿಡುತ್ತಾರೆ: ಚಿಕ್ಕಂದಿನಲ್ಲಿ ಊಟಕ್ಕೆ ಕಷ್ಟವಿತ್ತೇ? ಮೈಸೂರಿನ ಹೋಲ್ಡ್ಸ್‌ವರ್ತ್ ಮೆಮೋರಿಯಲ್ ಆಸ್ಪತ್ರೆಯಲ್ಲಿ 1934ರಿಂದ ಕೂಸುಗಳ ಹುಟ್ಟುತೂಕ ಬರೆದಿಟ್ಟಿದ್ದರು. ಆ ದಾಖಲೆ ಹಿಡಿದು ದಶಕಗಳ ನಂತರ ಅವರನ್ನು ಹುಡುಕಿ ಪರೀಕ್ಷಿಸಿದಾಗ, ಹುಟ್ಟುವಾಗ ಸಣ್ಣಗಿದ್ದವರಲ್ಲಿ ನಡುವಯಸ್ಸು ದಾಟಿದ ಮೇಲೆ ಹೃದಯದ ಕಾಯಿಲೆ ಹೆಚ್ಚು ಕಂಡಿತು. ತಾಯಿಯ ಬಸಿರಿನಲ್ಲಿ ಆದ ಕೊರತೆ ಐವತ್ತು ವರ್ಷದ ನಂತರವೂ ಲೆಕ್ಕಕ್ಕೆ ಬರುತ್ತದೆ. ಬಡತನದಲ್ಲಿ ಹುಟ್ಟಿ ಈಗ ಚೆನ್ನಾಗಿ ಉಣ್ಣುತ್ತಿರುವವರ ಸೊಂಟದ ಅಳತೆಯನ್ನು ಇನ್ನಷ್ಟು ಜಾಗ್ರತೆಯಿಂದ ನೋಡಿ.

ನಿನ್ನೆಯ ಊಟ ಬರೆಸುವುದು

24 ಗಂಟೆಯ ನೆನಪು ಎಂಬ ವಿಧಾನ ಇದು. ಒಂದೇ ಉಸಿರಿಗೆ ಎಲ್ಲ ಕೇಳಬೇಡಿ, ಸುತ್ತು ಸುತ್ತಾಗಿ ಹೋಗಿ.

ಮೊದಲ ಸುತ್ತಿನಲ್ಲಿ ನೀವು ಬಾಯಿ ಹಾಕಬೇಡಿ. "ನಿನ್ನೆ ಎದ್ದ ಮೇಲೆ ಬಾಯಿಗೆ ಮೊದಲು ಏನು ಹಾಕಿಕೊಂಡ್ರಿ? ಆಮೇಲೆ?" ಎಂದಷ್ಟೇ ಕೇಳುತ್ತ ಮಲಗುವವರೆಗೆ ಪಟ್ಟಿ ಮಾಡಿ. ಎರಡನೇ ಸುತ್ತು ಮರೆತದ್ದಕ್ಕೆ: ಟೀ ಜೊತೆ ಬಿಸ್ಕತ್ತು, ಅಡುಗೆ ಮಾಡುತ್ತ ರುಚಿ ನೋಡಿದ್ದು, ಮಗು ಬಿಟ್ಟ ಅನ್ನ, ಕೆಲಸಕ್ಕೆ ಹೋದ ಮನೆಯಲ್ಲಿ ಕೊಟ್ಟ ತಿಂಡಿ, ದೇವಸ್ಥಾನದ ಪ್ರಸಾದ, ಬಸ್ಸಿಗೆ ಕಾಯುವಾಗ ಕೊಂಡ ಕಡಲೆಕಾಯಿ, ಉಪ್ಪಿನಕಾಯಿ, ಹಪ್ಪಳ. ಮನೆಯ ಹೆಂಗಸರು ತಿನ್ನುವುದರಲ್ಲಿ ದೊಡ್ಡ ಪಾಲು ಈ ಎರಡನೇ ಸುತ್ತಿನಲ್ಲೇ ಹೊರಬರುತ್ತದೆ. ಉಳಿದ ಅನ್ನ ಚೆಲ್ಲಬಾರದೆಂದು ತಿನ್ನುವವರು ಅದನ್ನು ಊಟ ಎಂದು ಎಣಿಸುವುದೇ ಇಲ್ಲ. ಮೂರನೇ ಸುತ್ತಿನಲ್ಲಿ ಹೊತ್ತು ಮತ್ತು ಜಾಗ. ನಾಲ್ಕನೆಯದು ಅಳತೆ. ಕೊನೆಗೆ ಪೂರ್ತಿ ಓದಿ ಹೇಳಿ, "ಇನ್ನೇನಾದ್ರೂ ಬಿಟ್ಟಿದ್ದೀವಾ?" ಎಂದು ಕೇಳಿ.

ಅಳತೆಗೆ ಅವರ ಮನೆಯ ಪಾತ್ರೆಗಳನ್ನೇ ಹಿಡಿಯಿರಿ. ಒಂದು ಸೌಟು ಸಾರು ಎಂದರೆ ಒಂದು ಮನೆಯಲ್ಲಿ 60 ಮಿಲಿ, ಇನ್ನೊಂದರಲ್ಲಿ 150. ಅವರ ಲೋಟ, ಸೌಟು, ಬಟ್ಟಲಿಗೆ ನೀರು ತುಂಬಿ ತಕ್ಕಡಿಯಲ್ಲಿ ತೂಗಿದರೆ ಗ್ರಾಮಿನಷ್ಟೇ ಮಿಲಿ ಸಿಗುತ್ತದೆ. ಅನ್ನ ಬೆಂದ ಮೇಲೆ ಅಕ್ಕಿಯ ಎರಡೂವರೆಯಿಂದ ಮೂರು ಪಟ್ಟು ತೂಗುತ್ತದೆ, ಆದ್ದರಿಂದ 300 ಗ್ರಾಂ ಅನ್ನಕ್ಕೆ 100ರಿಂದ 120 ಗ್ರಾಂ ಅಕ್ಕಿ ಎಂದು ಹಿಡಿಯಬಹುದು. ಮುದ್ದೆಯ ಗಾತ್ರ ಮನೆಯಿಂದ ಮನೆಗೆ ಬೇರೆ. ಅಂದು ಎಷ್ಟು ಹಿಟ್ಟು ಹಾಕಿ ಎಷ್ಟು ಮುದ್ದೆ ಕಟ್ಟಿದರು ಎಂದು ಕೇಳಿ ಭಾಗಿಸುವುದೇ ನಿಖರ. ಜೋಳದ ರೊಟ್ಟಿಗೂ ಹಾಗೆಯೇ.

ಎಣ್ಣೆಯನ್ನು ಮಾತ್ರ ಹೀಗೆ ಕೇಳಿ ಪ್ರಯೋಜನವಿಲ್ಲ. ಒಗ್ಗರಣೆಗೆ "ಒಂಚೂರು" ಎನ್ನುತ್ತಾರೆ, ಬಾಟಲಿಯಿಂದ ಬಾಣಲೆಗೆ ನೇರ ಸುರಿಯುತ್ತಾರೆ. ಅದಕ್ಕೆ ಮುಂದಿನ ವಿಧಾನ ಇದೆ.

ಒಂದು ದಿನದ ನೆನಪಿನಿಂದ ಒಬ್ಬರ ಅಭ್ಯಾಸ ತಿಳಿಯುವುದಿಲ್ಲ. ಕೆಲಸದ ದಿನ ಎರಡು, ರಜಾದಿನ ಒಂದು, ಹೀಗೆ ಮೂರು ದಿನದ ನೆನಪು ಬೇಕು. ಹಬ್ಬ, ಮದುವೆ, ಏಕಾದಶಿಯ ಮರುದಿನ ಹೋಗಬೇಡಿ. ಇನ್ನೊಂದು ವಿಷಯ ಮನಸ್ಸಿನಲ್ಲಿರಲಿ: ತೂಕ ಹೆಚ್ಚಿರುವವರು ತಿಂದದ್ದನ್ನು ಕಡಿಮೆ ಹೇಳುವುದು ಎಲ್ಲ ದೇಶಗಳಲ್ಲೂ ಕಂಡಿದೆ. ಅದು ಸುಳ್ಳಾಡುವ ಗುಣವಲ್ಲ, ಅವಮಾನದ ಭಯ. "ಇಷ್ಟೆಲ್ಲಾ ತಿಂತೀರಾ?" ಎಂಬ ಒಂದು ಉದ್ಗಾರ, ಹುಬ್ಬೇರಿಸಿದ ಒಂದು ನೋಟ ಸಾಕು, ಮುಂದಿನ ಉತ್ತರಗಳೆಲ್ಲ ಕುಗ್ಗಿಬಿಡುತ್ತವೆ. ಬಡ ಮನೆಗಳಲ್ಲಿ ಇದರ ತಿರುವು ಬೇರೆ: ಬರೀ ಗಂಜಿ ಕುಡಿದದ್ದನ್ನು ಹೇಳಲು ನಾಚಿ "ಅನ್ನ, ಸಾರು, ಪಲ್ಯ" ಎನ್ನುತ್ತಾರೆ. ಎರಡನ್ನೂ ತಿದ್ದುವುದು ತಿಂಗಳ ಸಾಮಾನಿನ ಲೆಕ್ಕ.

ತಿಂಗಳ ಸಾಮಾನಿನ ಲೆಕ್ಕ

ಮನೆಯಲ್ಲಿ ಉಣ್ಣುವ ವಯಸ್ಕರನ್ನು 30ರಿಂದ ಗುಣಿಸಿ, ತಿಂಗಳಿಗೆ ತಂದ ಪ್ರತಿ ಪದಾರ್ಥವನ್ನು ಆ ಸಂಖ್ಯೆಯಿಂದ ಭಾಗಿಸಿ. ಉದಾಹರಣೆಗೆ ನಾಲ್ಕು ವಯಸ್ಕರ ಒಂದು ಮನೆ: ಅಕ್ಕಿ 24 ಕಿಲೋ, ರಾಗಿ 8, ಗೋಧಿ ಹಿಟ್ಟು ಮತ್ತು ರವೆ 4, ಬೇಳೆಕಾಳು 3, ಎಣ್ಣೆ 4 ಲೀಟರ್, ಸಕ್ಕರೆ ಬೆಲ್ಲ ಸೇರಿ 5 ಕಿಲೋ, ದಿನಕ್ಕೆ ಒಂದು ಲೀಟರ್ ಹಾಲು. 120ರಿಂದ ಭಾಗಿಸಿದರೆ ಒಬ್ಬರಿಗೆ ದಿನಕ್ಕೆ ಹೀಗೆ ಬರುತ್ತದೆ:

ಅಕ್ಕಿ 200 ಗ್ರಾಂ, ಸುಮಾರು 710 ಕ್ಯಾಲೊರಿ
ರಾಗಿ 67 ಗ್ರಾಂ, 215
ಗೋಧಿ 33 ಗ್ರಾಂ, 105
ಬೇಳೆಕಾಳು 25 ಗ್ರಾಂ, 80
ಎಣ್ಣೆ 30 ಗ್ರಾಂ, 270
ಸಕ್ಕರೆ ಬೆಲ್ಲ 42 ಗ್ರಾಂ, 165
ಹಾಲು 250 ಮಿಲಿ, 150

ಎಣ್ಣೆಯ ಒಂದು ಲೀಟರ್ ಸುಮಾರು 910 ಗ್ರಾಂ ತೂಗುತ್ತದೆ, ಒಂದು ಗ್ರಾಮಿಗೆ 9 ಕ್ಯಾಲೊರಿ. ಇಲ್ಲಿ ಒಟ್ಟು ಸುಮಾರು 1,700. ತೆಂಗಿನಕಾಯಿ, ಕಡಲೆಬೀಜ, ತರಕಾರಿ, ಹೊರಗಿನ ತಿಂಡಿ ಇನ್ನೂ ಸೇರಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಪಟ್ಟಿಯಂತೆ 55 ಕಿಲೋ ತೂಕದ, ಕೂತು ಕೆಲಸ ಮಾಡುವ ಹೆಂಗಸಿಗೆ ದಿನಕ್ಕೆ ಬೇಕಾದದ್ದು 1,660. ಅಂದರೆ ಅಡುಗೆಮನೆಯ ಮೂಲ ಸಾಮಾನೇ ಅದನ್ನು ದಾಟಿದೆ. ಈಗ ಪ್ರೋಟೀನು ನೋಡಿ: ಅಕ್ಕಿಯಿಂದ 16, ರಾಗಿಯಿಂದ 5, ಗೋಧಿಯಿಂದ 3.5, ಬೇಳೆಯಿಂದ 5.5, ಹಾಲಿನಿಂದ 8, ಒಟ್ಟು 38 ಗ್ರಾಂ. ಬೇಕಾದದ್ದು 46. ಶಕ್ತಿ ಮಿಕ್ಕಿದೆ, ಪ್ರೋಟೀನು ಸಾಲದು. ತೂಕ ಏರುತ್ತಿದ್ದರೂ ಸುಸ್ತು, ಕೈಕಾಲು ನೋವು ಎನ್ನುವ ಹೆಂಗಸರ ಮನೆಯಲ್ಲಿ ಈ ಚಿತ್ರ ಮತ್ತೆ ಮತ್ತೆ ಸಿಗುತ್ತದೆ. ರಕ್ತಹೀನತೆಯೂ ಜೊತೆಗಿರಬಹುದು, ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ.

ಹೋಲಿಸಿ ನೋಡಲು ಅದೇ ಸಂಸ್ಥೆಯ 2,000 ಕ್ಯಾಲೊರಿಯ ತಟ್ಟೆ ಇದೆ: ದವಸಧಾನ್ಯ 250 ಗ್ರಾಂ, ಬೇಳೆಕಾಳು ಅಥವಾ ಮೊಟ್ಟೆ ಮಾಂಸ 85, ತರಕಾರಿ ಸೊಪ್ಪು 400, ಹಣ್ಣು 100, ಬೀಜಗಳು 35, ಎಣ್ಣೆ ತುಪ್ಪ 27, ಹಾಲು ಮೊಸರು 300 ಮಿಲಿ. ಮೇಲಿನ ಮನೆಯಲ್ಲಿ ಧಾನ್ಯ 300, ಬೇಳೆ 25. ತಪ್ಪಿರುವುದು ಎಲ್ಲಿ ಎಂದು ಈಗ ಬೆರಳಿಟ್ಟು ತೋರಿಸಬಹುದು.

ಈ ಸರಾಸರಿಯಲ್ಲಿ ಒಂದು ಮೋಸವಿದೆ. ನಾಲ್ವರೂ ಸಮಾನವಾಗಿ ಉಣ್ಣುವುದಿಲ್ಲ. ಗಂಡಸರು, ಮಕ್ಕಳು ಉಂಡ ಮೇಲೆ ಉಣ್ಣುವ ಸೊಸೆಯ ಪಾಲಿಗೆ ಸಾರಿನ ತಿಳಿ ಉಳಿಯುತ್ತದೆ, ಗಟ್ಟಿ ಬೇಳೆ ಹಿಂದೆಯೇ ಮುಗಿದಿರುತ್ತದೆ. ಅನ್ನಕ್ಕೆ ಕೊರತೆಯಿಲ್ಲ, ಆದ್ದರಿಂದ ಹೊಟ್ಟೆ ತುಂಬುತ್ತದೆ. ಮನೆಯ ಲೆಕ್ಕವನ್ನು ನಿನ್ನೆಯ ನೆನಪಿನ ಜೊತೆ ಇಟ್ಟು ನೋಡಿದರೆ ಮಾತ್ರ ಒಬ್ಬರ ನಿಜವಾದ ಪಾಲು ತಿಳಿಯುತ್ತದೆ. ಬಂಧುಬಳಗ, ಕೆಲಸದಾಳು, ಊರಿಗೆ ಕಟ್ಟಿಕೊಟ್ಟ ಸಾಮಾನು ಇವನ್ನೂ ಕಳೆಯಿರಿ.

ಯಾಕೆ ಅದನ್ನೇ ತಿನ್ನುತ್ತಾರೆ: ಬೆಲೆಯ ಲೆಕ್ಕ

ಅವರು ಸಾಮಾನು ತರುವ ಅಂಗಡಿಯ ಬೆಲೆ ಕೇಳಿಕೊಂಡು 100 ಕ್ಯಾಲೊರಿಗೆ ಎಷ್ಟು ರೂಪಾಯಿ ಬೀಳುತ್ತದೆ ಎಂದು ಲೆಕ್ಕ ಹಾಕಿ. ಸಕ್ಕರೆ ಕಿಲೋಗೆ 45 ಆದರೆ 1 ರೂಪಾಯಿ 10 ಪೈಸೆ. ಅಕ್ಕಿ 50 ಆದರೆ 1.40. ಎಣ್ಣೆ ಲೀಟರಿಗೆ 140 ಆದರೆ 1.70. ತೊಗರಿಬೇಳೆ 140 ಆದರೆ 4.20. ಮೊಟ್ಟೆ ಒಂದಕ್ಕೆ 7 ಆದರೆ 10 ರೂಪಾಯಿ. ಬೀನ್ಸ್ ಕಿಲೋಗೆ 80 ಆದರೆ 30 ರೂಪಾಯಿ ದಾಟುತ್ತದೆ. ಬಿಪಿಎಲ್ ಕಾರ್ಡಿನ ಅಕ್ಕಿಗೆ ಬೆಲೆಯೇ ಇಲ್ಲ. ಕೈಯಲ್ಲಿ ದುಡ್ಡು ಕಡಿಮೆ ಇರುವವರು ಅನ್ನ, ಎಣ್ಣೆ, ಸಕ್ಕರೆಯಲ್ಲಿ ಹಸಿವು ನೀಗಿಸಿಕೊಳ್ಳುವುದು ತಿಳಿಗೇಡಿತನವಲ್ಲ, ಸರಿಯಾದ ಲೆಕ್ಕಾಚಾರ. 2013ರಲ್ಲಿ ಅನ್ನಭಾಗ್ಯ ಬಂದ ಮೇಲೆ ಹಸಿವಿನ ಅಂಜಿಕೆ ಎಷ್ಟೋ ಮನೆಗಳಿಂದ ದೂರವಾಯಿತು, ಅದು ಸಣ್ಣ ಸಾಧನೆಯಲ್ಲ. ಆದರೆ ಅಕ್ಕಿ ಸುಲಭವಾದಷ್ಟೂ ತಟ್ಟೆಯಲ್ಲಿ ಅದರ ಜಾಗ ಹಿಗ್ಗುತ್ತದೆ.

ಅದೇ ಲೆಕ್ಕವನ್ನು ಪ್ರೋಟೀನಿಗೆ ತಿರುಗಿಸಿದರೆ ದಾರಿ ಕಾಣುತ್ತದೆ. 10 ಗ್ರಾಂ ಪ್ರೋಟೀನಿಗೆ ಹುರುಳಿಯಲ್ಲಿ (ಕಿಲೋಗೆ 90 ಎಂದು ಹಿಡಿದರೆ) ಸುಮಾರು 4 ರೂಪಾಯಿ, ಕಡಲೆಬೀಜದಲ್ಲಿ (140) 6, ತೊಗರಿಯಲ್ಲಿ 6.50, ಮೊಟ್ಟೆಯಲ್ಲಿ 10ರಿಂದ 11, ಹಾಲಿನಲ್ಲಿ (ಲೀಟರಿಗೆ 46) 14. ಹುರುಳಿ ಬಸ್ಸಾರು, ಮೊಳಕೆ ಕಾಳಿನ ಹುಳಿ, ಉತ್ತರ ಕರ್ನಾಟಕದ ಕಾಳುಪಲ್ಯ, ಶೇಂಗಾ ಚಟ್ನಿಪುಡಿ ಇವೆಲ್ಲ ದುಡಿಯುವ ಜನರ ಊಟದಲ್ಲಿ ಮೊದಲೇ ಇದ್ದವು. ಪಟ್ಟಣಕ್ಕೆ ಬಂದ ಮೇಲೆ ಅವು ತಪ್ಪಿದ್ದಕ್ಕೆ ರುಚಿ ಕಾರಣವಲ್ಲ, ನೆನೆಸಿ, ಮೊಳಕೆ ಕಟ್ಟಿ, ಬೇಯಿಸುವ ಹೊತ್ತು ಇಲ್ಲದ್ದೇ ಕಾರಣ.

ಎಲ್ಲವನ್ನೂ ಕೂಡಿಸಿ ಓದುವುದು

ಮಂಡ್ಯ, ರಾಮನಗರ ಕಡೆಯ ಹಳ್ಳಿಯಿಂದ ಗಾರ್ಮೆಂಟ್ಸಿಗೆ ಹೋಗುವ ಹೆಂಗಸನ್ನು ತೆಗೆದುಕೊಳ್ಳಿ. ಗದ್ದೆಯಲ್ಲಿ ನಾಟಿ, ಕಳೆ ಮಾಡುತ್ತಿದ್ದ ದಿನಗಳಲ್ಲಿ ಅವಳಿಗೆ ದಿನಕ್ಕೆ 2,720 ಕ್ಯಾಲೊರಿಯವರೆಗೆ ಬೇಕಿತ್ತು. ಹೊಲಿಗೆ ಯಂತ್ರದ ಮುಂದೆ ಎಂಟು ಒಂಬತ್ತು ಗಂಟೆ ಕೂತಾಗ ಅದು 1,660ಕ್ಕೂ ಮನೆಗೆಲಸ ಸೇರಿದರೆ 2,130ಕ್ಕೂ ನಡುವೆ ಇಳಿಯುತ್ತದೆ. 2,720ಕ್ಕೂ 1,660ಕ್ಕೂ ಇರುವ ಅಂತರ 300 ಗ್ರಾಂ ಅಕ್ಕಿಯಷ್ಟು. ತಟ್ಟೆ ಅಷ್ಟು ಬೇಗ ಕುಗ್ಗುವುದಿಲ್ಲ, ಯಾಕೆಂದರೆ ದಣಿವು ಹಾಗೇ ಇದೆ, ದಣಿದವರಿಗೆ ಹಸಿವಾಗಬೇಕು ಎಂಬ ರೂಢಿಯೂ ಹಾಗೇ ಇದೆ. ಬೆಳಗಿನ ಜಾವ ಎದ್ದು ಬುತ್ತಿಗೆ ಚಿತ್ರಾನ್ನವೋ ಟೊಮೇಟೊ ಬಾತೋ ಮಾಡುತ್ತಾಳೆ: ಒಂದೇ ಪಾತ್ರೆ, ಹದಿನೈದು ನಿಮಿಷ, ತಣ್ಣಗಾದರೂ ತಿನ್ನಬಹುದು, ವ್ಯಾನಿನಲ್ಲಿ ಚೆಲ್ಲುವುದಿಲ್ಲ. ಮುದ್ದೆ ಸಾರಿಗೆ ಈ ಗುಣಗಳಿಲ್ಲ. ಹೀಗೆ ರಾಗಿ ರಾತ್ರಿಗೆ ಸರಿಯಿತು, ಹಗಲಿನ ಎರಡೂ ಹೊತ್ತು ಎಣ್ಣೆಯ ಅನ್ನವಾಯಿತು. ಇವಳಿಗೆ "ವಾಕಿಂಗ್ ಹೋಗಿ" ಎನ್ನುವುದು ಅನ್ಯಾಯ. ದಿನಕ್ಕೆ ಹದಿನೈದು ಗಂಟೆ ಎಚ್ಚರವಾಗಿ ದುಡಿಯುವವಳಿಗೆ ನಡೆಯಲು ಹೊತ್ತೂ ಇಲ್ಲ, ಸಂಜೆಯ ಬೀದಿ ಸುರಕ್ಷಿತವೂ ಅಲ್ಲ.

ಅವಳಿಗೆ ಹೊಂದುವ ಬದಲಾವಣೆ ಬುತ್ತಿಯೊಳಗೇ ಇದೆ. ಅದೇ ಚಿತ್ರಾನ್ನದಲ್ಲಿ ಅಕ್ಕಿಯ ಕಾಲು ಪಾಲು ತೆಗೆದು ಬೇಯಿಸಿದ ಕಾಳು ಸೇರಿಸುವುದು. ಭಾನುವಾರ ಅರ್ಧ ಕಿಲೋ ಹುರುಳಿಯೋ ಹೆಸರುಕಾಳೋ ಮೊಳಕೆ ಕಟ್ಟಿಟ್ಟರೆ, ಫ್ರಿಜ್ ಇದ್ದರೆ ಮೂರು ದಿನ ಬರುತ್ತದೆ. ಇಲ್ಲದಿದ್ದರೆ ಒಂದೇ ದಿನ ಎಂದು ತಿಳಿದು ಕಡಿಮೆ ನೆನೆಸಿ, ಬೇಸಿಗೆಯಲ್ಲಿ ಅದು ಬೇಗ ಲೋಳೆಯಾಗುತ್ತದೆ. ಒಗ್ಗರಣೆಯ ಎಣ್ಣೆಯನ್ನು ಚಮಚದಲ್ಲಿ ಅಳೆಯುವುದು: ಒಂದು ಟೀ ಚಮಚಕ್ಕೆ 40 ಕ್ಯಾಲೊರಿ, ನಾಲ್ವರ ಬಾತಿಗೆ ಆರು ಚಮಚ ಧಾರಾಳ. ಮೂರನೆಯದು ಟೀ. ದಿನಕ್ಕೆ ನಾಲ್ಕು ಲೋಟ, ಲೋಟಕ್ಕೆ ಎರಡು ಚಮಚ ಸಕ್ಕರೆ ಎಂದರೆ 40 ಗ್ರಾಂ ಸಕ್ಕರೆ, 160 ಕ್ಯಾಲೊರಿ. ಎರಡು ಚಮಚದಿಂದ ಒಂದಕ್ಕೆ ಒಮ್ಮೆಲೇ ಇಳಿಸಿದರೆ ನಾಲ್ಕನೇ ದಿನ ಬಿಟ್ಟುಬಿಡುತ್ತಾರೆ. ಎರಡು ವಾರಕ್ಕೆ ಅರ್ಧ ಚಮಚದಂತೆ ಇಳಿಸಿದರೆ ನಾಲಿಗೆ ಒಗ್ಗಿಕೊಳ್ಳುತ್ತದೆ.

ರಾಯಚೂರು, ಯಾದಗಿರಿಯಿಂದ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಬಂದವರದು ತದ್ವಿರುದ್ಧ ಸಮಸ್ಯೆ. ಭಾರ ಹೊರುವ ಗಂಡಸಿಗೆ 3,470 ಕ್ಯಾಲೊರಿ ಬೇಕು. ಶೆಡ್ಡಿನಲ್ಲಿ ಜೋಳದ ಹಿಟ್ಟು ದುಬಾರಿ, ರೊಟ್ಟಿ ಬಡಿಯಲು ಒಲೆ ಇಲ್ಲ, ಅನ್ನ ಸಾರಿನಲ್ಲಿ ಅಷ್ಟು ಶಕ್ತಿ ಹಿಡಿಸುವುದಿಲ್ಲ. ಇಲ್ಲಿ ಎಣ್ಣೆ ಕಡಿಮೆ ಮಾಡಿ ಎನ್ನಬಾರದು. ಶೇಂಗಾ, ಬೆಲ್ಲ, ಮೊಟ್ಟೆ, ಚಟ್ನಿಪುಡಿಗೆ ಎಣ್ಣೆ ಇವು ಬೇಕಾದ ಸೇರ್ಪಡೆ. 100 ಗ್ರಾಂ ಶೇಂಗಾದಲ್ಲಿ 500ಕ್ಕೂ ಹೆಚ್ಚು ಕ್ಯಾಲೊರಿ, 24 ಗ್ರಾಂ ಪ್ರೋಟೀನು. ಹತ್ತಿರದಲ್ಲಿ ಇಂದಿರಾ ಕ್ಯಾಂಟೀನ್ ಇದ್ದರೆ ಅದರ ಹೊತ್ತು ಕೆಲಸದ ಹೊತ್ತಿಗೆ ಕೂಡುತ್ತದೆಯೇ ನೋಡಿ. ಎರಡು ವಾರ ಮೀರಿದ ಕೆಮ್ಮು, ಕಾರಣವಿಲ್ಲದೆ ಇಳಿದ ತೂಕ ಕಂಡರೆ ಊಟದ ಮಾತು ಪಕ್ಕಕ್ಕಿಟ್ಟು ಕ್ಷಯ ಪರೀಕ್ಷೆಗೆ ಕಳಿಸಿ.

ಉಳ್ಳವರ ಮನೆಯಲ್ಲಿ ಕೊರತೆಯ ಜಾಗ ಬೇರೆ. ಅಡುಗೆಯವರು ಬರುತ್ತಾರೆ, ರುಚಿ ಕೆಟ್ಟರೆ ಮಾತು ಬರುತ್ತದೆಂದು ಎಣ್ಣೆ ಧಾರಾಳ ಹಾಕುತ್ತಾರೆ. ತಿಂಗಳಿಗೆ ಇಷ್ಟೇ ಲೀಟರ್ ಎಂದು ಯಜಮಾನಿಯೇ ಅಳೆದು ಕೊಡಬೇಕು. ಉಪವಾಸದ ದಿನ ಅವಲಕ್ಕಿ, ಸಬ್ಬಕ್ಕಿ, ಕರಿದ ಗೆಣಸು ಸೇರಿ ಊಟದ ದಿನಕ್ಕಿಂತ ಹೆಚ್ಚಾಗುವುದುಂಟು. ರಾತ್ರಿ ಪಾಳಿಯ ಐಟಿ ನೌಕರರಲ್ಲಿ ನಾಲ್ಕನೇ ಊಟವೊಂದು ನಡುರಾತ್ರಿಗೆ ಸೇರಿಕೊಂಡಿರುತ್ತದೆ, ಅದು ಆ್ಯಪ್‌ನ ಆರ್ಡರ್ ಪಟ್ಟಿಯಲ್ಲಿ ಸಿಗುತ್ತದೆ. ನೆನಪಿಗಿಂತ ಆ ಪಟ್ಟಿ ನಿಖರ.

ದೇಶ ಬೆಳೆದಂತೆ, ಯಾರ ತೂಕ ಹೆಚ್ಚು ಎಂಬ ಈ ನಕ್ಷೆ ತಿರುಗುತ್ತದೆ. ಸೋಬಲ್ ಮತ್ತು ಸ್ಟಂಕರ್ಡ್ ಎಂಬ ಸಂಶೋಧಕರು 1989ರಲ್ಲಿ ಹಲವು ದೇಶಗಳ ಅಧ್ಯಯನಗಳನ್ನು ಕೂಡಿಸಿ ನೋಡಿದಾಗ, ಸಿರಿವಂತ ದೇಶಗಳಲ್ಲಿ ಬಡ ಹೆಂಗಸರ ತೂಕ ಹೆಚ್ಚು, ಬಡ ದೇಶಗಳಲ್ಲಿ ಅನುಕೂಲಸ್ಥರ ತೂಕ ಹೆಚ್ಚು ಎಂದು ಕಂಡಿತು. ಭಾರತ ಈಗ ನಡುದಾರಿಯಲ್ಲಿದೆ. 2019–21ರಲ್ಲಿ ದೇಶದ ಪಟ್ಟಣದ ಹೆಂಗಸರಲ್ಲಿ ಅತಿತೂಕ ನೂರಕ್ಕೆ 33, ಹಳ್ಳಿಯಲ್ಲಿ 20. ಹಳ್ಳಿಯ ಸಂಖ್ಯೆಯೂ ಏರುತ್ತಿದೆ. 2022–23ರ ಗೃಹ ವೆಚ್ಚ ಸಮೀಕ್ಷೆಯಲ್ಲಿ ಹಳ್ಳಿಯವರ ಊಟದ ಖರ್ಚಿನೊಳಗೆ ಅತಿ ದೊಡ್ಡ ಬಾಬತ್ತು ಪಾನೀಯ ಮತ್ತು ಸಿದ್ಧ ಆಹಾರದ್ದಾಗಿತ್ತು, ಒಟ್ಟು ಖರ್ಚಿನ ನೂರಕ್ಕೆ 9.6. ಐದು, ಹತ್ತು ರೂಪಾಯಿಯ ಪ್ಯಾಕೆಟ್ಟು ಹಳ್ಳಿಯ ಕೊನೆಯ ಅಂಗಡಿಗೂ ತಲುಪಿದೆ. ಆದ್ದರಿಂದ "ಬಡವರಿಗೆ ಬೊಜ್ಜು ಬರಲ್ಲ" ಎಂದುಕೊಂಡು ಬಿಪಿಎಲ್ ಮನೆಯಲ್ಲಿ ಟೇಪು ತೆಗೆಯದಿರುವುದು ದೊಡ್ಡ ತಪ್ಪು.

ಸಲಹೆ ಕೊಡುವಾಗ

ಒಂದು ಭೇಟಿಗೆ ಒಂದೇ ಬದಲಾವಣೆ ಹೇಳಿ. ಅದು ಅವರ ದುಡ್ಡು, ಹೊತ್ತು, ಒಲೆ ಮೂರಕ್ಕೂ ಹೊಂದುತ್ತದೆಯೇ ಎಂದು ಅವರ ಬಾಯಿಂದಲೇ ಕೇಳಿ. ಅಡುಗೆ ಮಾಡುವವರು, ಸಾಮಾನು ತರುವವರು, ಉಣ್ಣುವವರು ಬೇರೆ ಬೇರೆ ಇದ್ದರೆ ಮೂವರನ್ನೂ ಕೂರಿಸಿಕೊಳ್ಳಬೇಕು. ಅತ್ತೆಯನ್ನು ಬಿಟ್ಟು ಸೊಸೆಗಷ್ಟೇ ಹೇಳಿದ ಮಾತು ಅಡುಗೆಮನೆಯ ಹೊಸ್ತಿಲು ದಾಟುವುದಿಲ್ಲ. "ಮೈ ತುಂಬಿಕೊಂಡಿದ್ದಾಳೆ" ಎಂಬುದು ಹಸಿವು ಕಂಡ ತಲೆಮಾರಿನ ಬಾಯಲ್ಲಿ ಮೆಚ್ಚುಗೆ, ಮಗಳನ್ನು ಕೊಟ್ಟ ಮನೆಯಲ್ಲಿ ಅವಳು ಸುಖವಾಗಿರುವುದಕ್ಕೆ ಗುರುತು. ಅದನ್ನು ಹೀಗಳೆದು ತೂಕ ಇಳಿಸುವ ಮಾತಾಡಿದರೆ ಹಿರಿಯರು ಒಪ್ಪುವುದಿಲ್ಲ; ಸಕ್ಕರೆ, ಬಿಪಿ, ಮಂಡಿನೋವಿನ ದಾರಿಯಿಂದ ಹೋಗಿ.

ಓಟ್ಸು, ಚಿಯಾ ಬೀಜ, ಆಲಿವ್ ಎಣ್ಣೆ ಇವನ್ನು ಬಡವರ ಮನೆಯಲ್ಲಿ ಹೆಸರಿಸಲೇಬೇಡಿ. ಅದನ್ನು ಕೇಳಿದವರು ಒಳ್ಳೆಯ ಊಟ ತಮ್ಮ ಕೈಗೆಟುಕದ್ದು ಎಂದು ತೀರ್ಮಾನಿಸಿ ಉಳಿದ ಮಾತನ್ನೂ ಬಿಡುತ್ತಾರೆ. ರಾಗಿಯನ್ನೂ ಮದ್ದಿನಂತೆ ಹೊಗಳಬೇಡಿ. ರಾಗಿಯಲ್ಲಿ ನಾರು 100 ಗ್ರಾಮಿಗೆ 11 ಗ್ರಾಂ, ಅಕ್ಕಿಯಲ್ಲಿ 3ಕ್ಕೂ ಕಡಿಮೆ. ರಾಗಿಯ ಸುಣ್ಣದ ಅಂಶ (ಕ್ಯಾಲ್ಸಿಯಂ) 364 ಮಿಲಿಗ್ರಾಂ. ಆದರೆ ಕ್ಯಾಲೊರಿ 320, ಅಕ್ಕಿಯದು 356. ಅನ್ನದ ಜಾಗಕ್ಕೆ ಮುದ್ದೆ ಬಂದರೆ ಲಾಭ, ಅನ್ನದ ಜೊತೆಗೆ ಮುದ್ದೆಯೂ ಸೇರಿದರೆ ತೂಕ ಏರುತ್ತದೆ.

ಮತ್ತೆ ಅಳೆಯುವುದು ತಿಂಗಳಿಗೊಮ್ಮೆ ಸಾಕು, ಅದೇ ಯಂತ್ರ, ಅದೇ ಹೊತ್ತು. ದಿನಾ ತೂಗಿದರೆ ನೀರು, ಉಪ್ಪು, ಮುಟ್ಟಿನ ದಿನಗಳಿಂದ ಒಂದೆರಡು ಕಿಲೋ ಏರಿಳಿದು ಮನಸ್ಸು ಕೆಡುತ್ತದೆ. ತಿಂಗಳಿಗೆ ಒಂದೂವರೆ ಎರಡು ಕಿಲೋಗಿಂತ ಬೇಗ ಇಳಿಯುತ್ತಿದ್ದರೆ ಊಟ ಬಿಡುತ್ತಿದ್ದಾರೆಯೇ ಕೇಳಿ. ಪ್ರಯತ್ನವಿಲ್ಲದೆ ಆರು ತಿಂಗಳಲ್ಲಿ ತೂಕದ ನೂರಕ್ಕೆ 5 ಭಾಗ ಇಳಿದಿದ್ದರೆ, ಅಥವಾ ಊಟ ಬದಲಾಗದೆ ಬೇಗ ಬೇಗ ಏರಿದ್ದರೆ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸಕ್ಕರೆ, ಥೈರಾಯ್ಡ್ ನೋಡಿಸಬೇಕು. ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರ ಅನ್ನವನ್ನು ವೈದ್ಯರನ್ನು ಕೇಳದೆ ತಗ್ಗಿಸಬೇಡಿ, ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿದೀತು. ಎರಡು ತಿಂಗಳು ಕಳೆದರೂ ಹೇಳಿದ ಬದಲಾವಣೆ ನಡೆದಿಲ್ಲವೆಂದರೆ ನೋಟ್‌ಬುಕ್ಕಿನಲ್ಲಿ ಬರೆದ ಕೆಲಸದ ಹೊತ್ತು, ಸಂಬಳದ ದಿನ, ಒಲೆ, ಫ್ರಿಜ್ಜಿನ ಸಾಲುಗಳಿಗೆ ಹಿಂತಿರುಗಿ, ಯಾವುದು ಅಡ್ಡಬಂತು ಎಂದು ಅವರ ಜೊತೆ ಕೂತು ಹುಡುಕಿ, ಬೇರೊಂದನ್ನು ಆರಿಸಿಕೊಳ್ಳಿ.